ಥೇಮ್ಸ್ ದಂಡೆಯಿಂದ ಡೋವರ್ ಬಂದರಿನವರೆಗೆ

ಲಂಡನ್ನಿಗೆ ಹೋದ ಬಸವಭಕ್ತರು ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಗೆ ಹೋಗದೆ ಊರಿಗೆ ಮರಳುವುದು ಅಪರೂಪ. ಅಲ್ಲಿ, ನದಿಗೆ ಹೊಂದಿಕೊಂಡ ಉದ್ಯಾನದಲ್ಲಿ, ವಿಶ್ವಗುರು ಬಸವಣ್ಣನವರ ಪ್ರತಿಮೆಯಿದೆ. ಕಲಬುರ್ಗಿ ಮೂಲದವರೂ ಲ್ಯಾಂಬೆತ್ ಬರೋದ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪರಿಶ್ರಮದಿಂದ ಸ್ಥಾಪಿತವಾದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ನಾವು ದಂಪತಿಗಳು ಅಲ್ಲಿಗೆ ಹೋದದ್ದು 2019ರ ಅಕ್ಟೋಬರ್ 19ರಂದು, ಶನಿವಾರ. ಕೈಯಲ್ಲಿ ಸೇವಂತಿಗೆ ಹೂವಿನ ಒಂದು ಕಟ್ಟು, ಜೊತೆಗೆ ನಮ್ಮ ಸೋದರಳಿಯ ಮತ್ತು ಅವನ ಹೆಂಡತಿ. ಹೂವಿರಿಸಿ, ಕಣ್ಮುಚ್ಚಿ, ಕೈಮುಗಿದು ನಿಂತೆವು. ಕಣ್ತೆರೆದಾಗ ನದಿಯಾಚೆ ಪಾರ್ಲಿಮೆಂಟು ಕಾಣಿಸಿತು. ಅದರ ಹೆಸರಾಂತ ಗಡಿಯಾರದ ಗೋಪುರಕ್ಕೆ ದುರಸ್ತಿಗಾಗಿ ಸುತ್ತಲೂ ಅಟ್ಟಣಿಗೆ ಕಟ್ಟಲಾಗಿತ್ತು.

ಶನಿವಾರ ಅಲ್ಲಿಯ ಶಾಸನಸಭೆ ಸೇರುವ ರೂಢಿಯಿಲ್ಲ. 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧದ ಸಮಯದಲ್ಲಿ ಸೇರಿದ ಬಳಿಕ ಅಂದೇ ಮೊದಲ ಬಾರಿಗೆ ಸೇರಿತ್ತು. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಯಾವ ಕರಾರಿನ ಮೇಲೆ ಹೊರಬರಬೇಕು ಎಂಬುದೇ ಅಂದಿನ ಚರ್ಚೆಯ ವಿಷಯ. ಲ್ಯಾಂಬೆತ್ ಸೇತುವೆಯನ್ನು ದಾಟಿ ಆ ಕಡೆಗೆ ನಡೆದರೆ ರಸ್ತೆಗಳಲ್ಲಿ ಕಾಲಿಡಲು ಎಡೆಯಿಲ್ಲ. ಇನ್ನೊಮ್ಮೆ ಜನರ ಮತವನ್ನು ಕೇಳಿರೆಂದು ಬೇಡಿ ಲಕ್ಷಗಟ್ಟಲೆ ಜನ ಮೆರವಣಿಗೆಯಲ್ಲಿ ಬಂದಿದ್ದರು. ಹೆಗಲ ಮೇಲೆ ಕೂಸುಗಳನ್ನು ಹೊತ್ತ ತಂದೆಯರು, ಊರುಗೋಲು ಹಿಡಿದ ವೃದ್ಧೆಯರು, ಹಳದಿ ನಕ್ಷತ್ರಗಳ ನೀಲಿ ಬಾವುಟವನ್ನು ಶಾಲಿನಂತೆ ಹೊದ್ದ ತರುಣರು. ನಮಗೆ ನಮ್ಮ ಜಾತ್ರೆಗಳ ನೆನಪಾಯಿತು. ಆದರೆ ಜಾತ್ರೆಯಲ್ಲಿರುವ ನಗುಮುಖಗಳು ಇಲ್ಲಿ ಕಡಿಮೆ ಇದ್ದವು.

2016ರ ಜೂನ್ 23ರ ಜನಮತಗಣನೆಯಲ್ಲಿ ಬ್ರಿಟನ್ನಿನ ಶೇಕಡಾ 51.9 ಮತದಾರರು ಒಕ್ಕೂಟವನ್ನು ಬಿಡಬೇಕೆಂದೂ 48.1 ಮಂದಿ ಉಳಿಯಬೇಕೆಂದೂ ಮತ ಹಾಕಿದ್ದರು. ಬಸವಣ್ಣನವರ ಪ್ರತಿಮೆಯಿರುವ ಲ್ಯಾಂಬೆತ್‌ನಲ್ಲಿ ಉಳಿಯಬೇಕೆಂದವರು ಶೇಕಡಾ 78ಕ್ಕೂ ಮಿಗಿಲು. ಇಡೀ ಗ್ರೇಟ್ ಬ್ರಿಟನ್ನಿನಲ್ಲಿ ಇಷ್ಟು ಒಮ್ಮತದಿಂದ ಉಳಿಯುವ ಪರ ನಿಂತ ಪ್ರದೇಶ ಬೇರೊಂದಿಲ್ಲ. ಅಲ್ಲಿಂದ ಸುಮಾರು 75 ಮೈಲಿ ದೂರದ ಡೋವರ್ ಬಂದರಿನ ಜಿಲ್ಲೆಯಲ್ಲಿ ಶೇಕಡಾ 62 ಮಂದಿ ಬಿಡಬೇಕೆಂದಿದ್ದರು. ಒಕ್ಕೂಟದ ವ್ಯಾಪಾರವೆಲ್ಲ ಹಾದುಹೋಗುವ ಹೆಬ್ಬಾಗಿಲಿನ ಜನರೇ ಹಾಗೇಕೆ ಬಯಸಿದರು? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಡೋವರನ್ನು ನೋಡಿಯೇ ಬರಬೇಕೆಂದು ನಿಶ್ಚಯಿಸಿದೆವು.

ಹೊರಡುವ ಮುನ್ನ ಈ ಒಕ್ಕೂಟದ ವಿಚಾರವನ್ನು ಎರಡು ಮಾತಿನಲ್ಲಿ ಹೇಳುವುದು ಲೇಸು. ನಿಪ್ಪಾಣಿಯ ಗಡಿಯಲ್ಲಿ ತಪಾಸಣಾ ಠಾಣೆಯ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವನ್ನು ನಮ್ಮ ಬೆಳಗಾವಿ ಸೀಮೆಯ ಬಂಧುಗಳು ಮರೆತಿರಲಾರರು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆ ಠಾಣೆಗಳು ಎದ್ದುಹೋದವು. ಐರೋಪ್ಯ ದೇಶಗಳು ಇಂಥದೇ ಕಾರ್ಯವನ್ನು 1993ರ ಜನವರಿ 1ರಂದು ದೇಶದೇಶಗಳ ನಡುವೆಯೇ ಮಾಡಿದ್ದವು. ಸ್ಪೇನಿನ ಹೊಲದಲ್ಲಿ ಹೇರಿದ ಟೊಮ್ಯಾಟೊ ಲಾರಿ ಯಾವ ಸುಂಕದ ಕಟ್ಟೆಯಲ್ಲಿಯೂ ನಿಲ್ಲದೆ ಲಂಡನ್ನಿನ ಅಂಗಡಿಯನ್ನು ಮುಟ್ಟಬಹುದಿತ್ತು. ಒಕ್ಕೂಟವನ್ನು ಬಿಡುವುದೆಂದರೆ ಆ ಕಟ್ಟೆಯನ್ನು ಮತ್ತೆ ಕಟ್ಟುವುದು. ಕರಾರಿಲ್ಲದೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ಕಟ್ಟಬೇಕು. ಜನರ ಆತಂಕದ ಮೂಲ ಇದು.

ಈ ಆತಂಕ ಮನೆಯೊಳಗೆ ಹೇಗೆ ಬಂದಿತ್ತೆಂಬುದನ್ನು ನಾವು ಕ್ರಾಯ್ಡನ್ನಿನಲ್ಲಿರುವ ಅಳಿಯನ ಮನೆಯಲ್ಲಿಯೇ ಕಂಡೆವು. ಅಡುಗೆಮನೆಯ ಮಾಡದಲ್ಲಿ ಟೊಮ್ಯಾಟೊ ಡಬ್ಬಿಗಳು, ಬೇಳೆ, ಹಾಲಿನ ಪುಡಿ ಒಂದರ ಮೇಲೊಂದು ಪೇರಿಸಿದ್ದವು. "ಇದೇನಮ್ಮಾ, ಬರಗಾಲ ಬರುವುದಿದೆಯೇ?" ಎಂದು ನಮ್ಮ ಮನೆಯವರು ಕೇಳಿದರು. "ಅತ್ತೆಯವರೇ, ಮಾರ್ಚ್ ತಿಂಗಳಿನಲ್ಲಿಯೇ ತಂದಿಟ್ಟದ್ದು. ಆಗ 29ನೇ ತಾರೀಖಿಗೆ ಹೊರಬೀಳುತ್ತೇವೆ ಎಂದರು, ಆಮೇಲೆ ಏಪ್ರಿಲ್ 12 ಎಂದರು, ಈಗ ಅಕ್ಟೋಬರ್ 31 ಎನ್ನುತ್ತಿದ್ದಾರೆ" ಎಂದು ಆ ತಾಯಿ ನಗುತ್ತಲೇ ಹೇಳಿದಳು. ಜೋಳದ ಹಿಟ್ಟಿನ ಚಿಂತೆ ಅವರಿಗಿರಲಿಲ್ಲ. ಅದು ಟೂಟಿಂಗ್ ಬಡಾವಣೆಯ ನಮ್ಮವರ ಅಂಗಡಿಯಲ್ಲಿ ಸಿಗುತ್ತದೆ, ಭಾರತದಿಂದ ಬರುತ್ತದೆ. ರೊಟ್ಟಿಗೆ ಭಯವಿಲ್ಲ, ಪಲ್ಯಕ್ಕೆ ಭಯ ಎಂದು ಅಳಿಯ ತಮಾಷೆ ಮಾಡಿದ. ಆದರೆ ಅದು ಬರಿಯ ತಮಾಷೆಯಾಗಿರಲಿಲ್ಲ. ಚಿಲ್ಲರೆ ವ್ಯಾಪಾರಿಗಳ ಸಂಘವು 2019ರ ಜನವರಿಯಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಬರೆದ ಪತ್ರದಲ್ಲಿ, ಮಾರ್ಚ್ ತಿಂಗಳಿನಲ್ಲಿ ಬ್ರಿಟನ್ನಿನ ಲೆಟ್ಯೂಸ್ ಸೊಪ್ಪಿನ ಶೇಕಡಾ 90ರಷ್ಟು, ಟೊಮ್ಯಾಟೊದ ಶೇಕಡಾ 80ರಷ್ಟು ಒಕ್ಕೂಟದ ದೇಶಗಳಿಂದಲೇ ಬರುತ್ತದೆ ಎಂದು ಎಚ್ಚರಿಸಿತ್ತು. ಒಣಗಿಸಿದ ಆಹಾರ, ನೀರು ಸೋಸುವ ಸಾಧನ ಮುಂತಾದವನ್ನು ತುಂಬಿದ 'ಬ್ರೆಕ್ಸಿಟ್ ಪೆಟ್ಟಿಗೆ'ಯೊಂದನ್ನು ಸುಮಾರು 300 ಪೌಂಡಿಗೆ ಮಾರುವ ವ್ಯಾಪಾರಸ್ಥರೂ ಹುಟ್ಟಿಕೊಂಡಿದ್ದರು. ಭಯವಿರುವಲ್ಲಿ ಅದನ್ನು ತೂಗಿ ಮಾರುವವರಿಗೆ ಕೊರತೆಯಿಲ್ಲ.

ಅಳಿಯನ ಹೆಂಡತಿ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಅವಳು ಹೇಳಿದ ಸಂಗತಿಗಳು ತರಕಾರಿಯ ಮಾತಿನಂತೆ ನಗುವಂಥವಲ್ಲ. ಬ್ರಿಟನ್ನಿನಲ್ಲಿ ಬಳಕೆಯಾಗುವ ಇನ್ಸುಲಿನ್ನಿನ ಬಹುಪಾಲು ಹೊರಗಿನಿಂದ ಬರುವಂಥದು. ವಾಡಿಕೆಯ ದಾಸ್ತಾನಿನ ಮೇಲೆ ಇನ್ನೂ ಆರು ವಾರಗಳಿಗೆ ಸಾಕಾಗುವಷ್ಟು ಔಷಧಿಯನ್ನು ಕೂಡಿಡಿರೆಂದು ಸರಕಾರವು 2018ರ ಆಗಸ್ಟಿನಲ್ಲಿಯೇ ಕಂಪನಿಗಳಿಗೆ ಸೂಚಿಸಿತ್ತು. ಆದರೆ ರೋಗಿಗಳು ಮಾತ್ರ ಮನೆಯಲ್ಲಿ ಕೂಡಿಡಬಾರದು, ವೈದ್ಯರು ಹೆಚ್ಚಿಗೆ ಬರೆದುಕೊಡಬಾರದು ಎಂಬ ಅಪ್ಪಣೆಯಿತ್ತು. ವಿವೇಕದ ಮಾತೇ ಸರಿ. ಎಲ್ಲರೂ ಕೂಡಿಡತೊಡಗಿದರೆ ಇಂದೇ ಕೊರತೆಯಾಗುತ್ತದೆ. ಆದರೂ ಮಧುಮೇಹದ ಮಗುವಿರುವ ತಾಯಿಯೊಬ್ಬಳು ಅಂಗಡಿಗೆ ಬಂದು, "ಒಂದು ವೇಳೆ ಬರದಿದ್ದರೆ?" ಎಂದು ಕೇಳಿದಾಗ ಏನು ಹೇಳಬೇಕು? "ಸರಕಾರದವರು ಬರುತ್ತದೆ ಎಂದಿದ್ದಾರೆ ಎಂದೆ, ಮಾಮಾರೇ. ಅವಳು ನನ್ನ ಮುಖವನ್ನೇ ನೋಡಿದಳು. ನಿಮಗೆ ನಂಬಿಕೆಯಿದೆಯೇ ಎಂದಳು" ಎಂದು ಹೇಳಿ ಸುಮ್ಮನಾದಳು. ಆ ವರ್ಷದ ಜುಲೈವರೆಗೆ ಪ್ರಧಾನಿಯಾಗಿದ್ದ ಥೆರೇಸಾ ಮೇ ಅವರೂ ದಿನನಿತ್ಯ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಂಬುದನ್ನು ಆ ದೇಶದ ಮಧುಮೇಹಿಗಳೆಲ್ಲ ಬಲ್ಲರು.

ಪಕ್ಕದ ಮನೆಯಲ್ಲಿ ಸ್ಪೇನ್ ದೇಶದ ದಾದಿಯೊಬ್ಬರಿದ್ದರು. ಹದಿನಾಲ್ಕು ವರ್ಷಗಳಿಂದ ಲಂಡನ್ನಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದವರು. ಒಕ್ಕೂಟದ ದೇಶದವರೆಲ್ಲ ಇಲ್ಲಿಯೇ ಉಳಿಯಬೇಕಾದರೆ ಹೊಸದಾಗಿ ಅರ್ಜಿ ಹಾಕಬೇಕೆಂಬ ನಿಯಮ ಬಂದಾಗ, ಅರ್ಜಿಯ ಆ್ಯಪ್ ಅವರ ಐಫೋನಿನಲ್ಲಿ ನಡೆಯಲಿಲ್ಲವಂತೆ. ಅಕ್ಟೋಬರ್‌ವರೆಗೂ ಅದು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ನಡೆಯುತ್ತಿತ್ತು. ನಮ್ಮ ಅಳಿಯನ ಫೋನನ್ನು ಕಡ ತಂದು, ಅವನ ಊಟದ ಮೇಜಿನ ಮೇಲೆ ಪಾಸ್‌ಪೋರ್ಟ್ ಇರಿಸಿ, "ನಾನು ಇಲ್ಲಿಯವಳು" ಎಂಬುದನ್ನು ಅವರು ರುಜುವಾತು ಮಾಡಿದರು. ಅನುಮತಿ ನಾಲ್ಕೇ ದಿನಗಳಲ್ಲಿ ಬಂತು. ಆದರೆ ಆ ದಿನ ಅವರು ಕುಡಿಯದೆ ಬಿಟ್ಟ ಚಹಾವನ್ನು ನಮ್ಮ ಸೊಸೆ ಇಂದಿಗೂ ನೆನೆಯುತ್ತಾಳೆ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಅಳಿಯನ ಕಾರಿನಲ್ಲಿ ಡೋವರಿಗೆ ಹೊರಟೆವು. ಕೆಂಟ್ ಪ್ರಾಂತವನ್ನು ಇಂಗ್ಲೆಂಡಿನ ತೋಟವೆಂದು ಕರೆಯುವುದು ವಾಡಿಕೆ. ಇಕ್ಕೆಲಗಳಲ್ಲಿ ಸೇಬಿನ ತೋಪುಗಳು, ಕುರಿ ಮೇಯುವ ಹಸಿರು ಇಳಿಜಾರುಗಳು. ಆದರೆ ಎಂ 20 ಹೆದ್ದಾರಿಯಲ್ಲಿ ಮೇಡ್‌ಸ್ಟನ್ ದಾಟುತ್ತಲೇ ಮೈಲಿಗಟ್ಟಲೆ ಉಕ್ಕಿನ ತಡೆಗೋಡೆ ಕಾಣಿಸಿಕೊಂಡಿತು. ಬಂದರಿನಲ್ಲಿ ಲಾರಿಗಳು ತಡೆಹಿಡಿಯಲ್ಪಟ್ಟರೆ ಹೆದ್ದಾರಿಯ ಒಂದು ಮಗ್ಗುಲನ್ನೇ ಲಾರಿಗಳ ತಂಗುದಾಣವಾಗಿಸಿ, ಉಳಿದ ವಾಹನಗಳನ್ನು ಇನ್ನೊಂದು ಮಗ್ಗುಲಿನಲ್ಲಿ ಎರಡೂ ದಿಕ್ಕಿಗೆ ಬಿಡುವ ಯೋಜನೆ ಅದು. ಅದಕ್ಕೆ 'ಆಪರೇಷನ್ ಬ್ರಾಕ್' ಎಂದು ಹೆಸರು. ತಲೆಯ ಮೇಲಿನ ವಿದ್ಯುತ್ ಫಲಕಗಳಲ್ಲಿ, ಒಕ್ಕೂಟಕ್ಕೆ ಸರಕು ಒಯ್ಯುವವರ ಕಾಗದಪತ್ರಗಳು ನವೆಂಬರ್ 1ರಿಂದ ಬದಲಾಗಬಹುದು, ವಿಚಾರಿಸಿಕೊಳ್ಳಿರಿ ಎಂಬ ಸೂಚನೆ ಮಿನುಗುತ್ತಿತ್ತು. 'ಬದಲಾಗಬಹುದು' ಎಂಬ ಆ ಒಂದು ಶಬ್ದವನ್ನು ನಾವು ಹತ್ತಾರು ಬಾರಿ ಓದಿದೆವು. ಬದಲಾಗುತ್ತದೆ ಎಂದಿದ್ದರೆ ಮನುಷ್ಯ ಸಿದ್ಧನಾಗುತ್ತಾನೆ, ಬದಲಾಗುವುದಿಲ್ಲ ಎಂದಿದ್ದರೆ ನಿದ್ರಿಸುತ್ತಾನೆ. ಜನರನ್ನು ಎಚ್ಚರಿಸಲೆಂದು ಸರಕಾರ ತೆಗೆದಿರಿಸಿದ ಪ್ರಚಾರದ ಹಣ 100 ಮಿಲಿಯನ್ ಪೌಂಡು, ಅಂದರೆ ಹತ್ತು ಕೋಟಿ ಪೌಂಡು.

ಆ ವರ್ಷದ ಜನವರಿ 7ರಂದು ನಡೆದ ಒಂದು ತಾಲೀಮಿನ ಕಥೆಯನ್ನು ಅಳಿಯ ದಾರಿಯಲ್ಲಿ ಹೇಳಿದ. ರ‍್ಯಾಮ್ಸ್‌ಗೇಟ್ ಸಮೀಪದ ಮ್ಯಾನ್‌ಸ್ಟನ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲಿ ಸಾವಿರಾರು ಲಾರಿಗಳನ್ನು ನಿಲ್ಲಿಸುವ ಯೋಜನೆ. ತಾಲೀಮಿಗೆ ಬಂದ ಲಾರಿಗಳು 89. "ಮಾಮಾ, ಮದುವಿಗೆ ಸಾವಿರ ಮಂದಿ ಬರ್ತಾರಂತ ಪಂಕ್ತಿ ಹಾಕಿ, ಎಂಬತ್ತೊಂಬತ್ತು ಎಲಿ ಹಾಸಿ ನೋಡಿಧಂಗ" ಎಂದ. ಆ ಮ್ಯಾನ್‌ಸ್ಟನ್ ಮುಂದೆ ಬೇರೊಂದು ಕಾರಣಕ್ಕೆ ನಮ್ಮ ನೆನಪಿನಲ್ಲಿ ಉಳಿಯುವುದೆಂದು ಅಂದು ಯಾರಿಗೂ ತಿಳಿದಿರಲಿಲ್ಲ.

ಡೋವರಿನ ಸುಣ್ಣದ ಬಂಡೆಗಳು ದೂರದಿಂದ ಹಾಲು ಚೆಲ್ಲಿದಂತೆ ಕಾಣುತ್ತವೆ. ಲ್ಯಾಂಗ್ಡನ್ ಬಂಡೆಯ ನೆತ್ತಿಯಲ್ಲಿ ನಿಂತರೆ ಕಾಲಡಿಯಲ್ಲಿಯೇ ಬಂದರು. ಎದುರಿಗೆ ಕೇವಲ 21 ಮೈಲಿಯಾಚೆ ಫ್ರಾನ್ಸ್ ದೇಶ. ಗಾಳಿ ತಿಳಿಯಾಗಿದ್ದರೆ ಅಲ್ಲಿಯ ದಡ ಬರಿಗಣ್ಣಿಗೆ ಕಾಣುತ್ತದೆ. ನಾವು ಹೋದ ದಿನ ಮಂಜು ಕವಿದು ಕಾಣಲಿಲ್ಲ. ಕೆಳಗೆ ಹಡಗೊಂದು ಬಾಯಿ ತೆರೆದು ನಿಂತಿತ್ತು. ಅದರೊಳಗಿನಿಂದ ಲಾರಿಗಳು ಇರುವೆಯ ಸಾಲಿನಂತೆ ಹೊರಬಂದು, ಎಲ್ಲಿಯೂ ನಿಲ್ಲದೆ, ಬಂಡೆಯನ್ನು ಬಳಸಿದ ರಸ್ತೆಯನ್ನೇರಿ ಮರೆಯಾಗುತ್ತಿದ್ದವು. ಬಿಡುವಿಲ್ಲದ ದಿನಗಳಲ್ಲಿ ಹೋಗಿಬರುವ ಲಾರಿಗಳು ಹತ್ತು ಸಾವಿರದವರೆಗೆ. ಪ್ರತಿ ಲಾರಿಯ ತಪಾಸಣೆಗೆ ಎರಡೇ ನಿಮಿಷ ಹೆಚ್ಚಿಗೆ ಹಿಡಿದರೂ 17 ಮೈಲಿ ಉದ್ದದ ಸಾಲು ನಿಲ್ಲುವುದೆಂದು ಬಂದರಿನವರು ಲೆಕ್ಕ ಹೇಳಿದ್ದರು. ನಾವು ಗಡಿಯಾರ ಹಿಡಿದು ಎರಡು ನಿಮಿಷ ಎಣಿಸಿದೆವು. ಅಷ್ಟರೊಳಗೆ ಹದಿನಾಲ್ಕು ಲಾರಿಗಳು ಹೋದವು.

'ಯೆಲ್ಲೋಹ್ಯಾಮರ್' ಎಂಬುದು ಹಳದಿ ತಲೆಯ ಒಂದು ಪುಟ್ಟ ಹಕ್ಕಿಯ ಹೆಸರು. ಕರಾರಿಲ್ಲದೆ ಹೊರಬಿದ್ದರೆ ಆಗಬಹುದಾದ ಅನಾಹುತಗಳ ಗುಪ್ತ ಟಿಪ್ಪಣಿಗೆ ಸರಕಾರವು ಈ ಮುದ್ದಾದ ಹೆಸರನ್ನಿಟ್ಟಿತ್ತು. ಪಾರ್ಲಿಮೆಂಟಿನ ಒತ್ತಾಯದ ಮೇರೆಗೆ 2019ರ ಸೆಪ್ಟೆಂಬರ್ 11ರಂದು ಅದನ್ನು ಪ್ರಕಟಿಸಬೇಕಾಯಿತು. ಲಾರಿಗಳು ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾಗಬಹುದು, ದೇಶಕ್ಕೆ ಬರುವ ಔಷಧಿಯ ಮುಕ್ಕಾಲು ಪಾಲು ಈ ಕಿರಿದಾದ ಕಡಲ ದಾರಿಯಿಂದಲೇ ಬರುತ್ತದೆ, ಆಹಾರದ ಬೆಲೆ ಏರಿದರೆ ಬಡವರಿಗೇ ಹೆಚ್ಚಿನ ಪೆಟ್ಟು ಎಂದೆಲ್ಲ ಅದರಲ್ಲಿತ್ತು. ಬಂಡೆಯ ಮೇಲೆ ನಿಂತು ಕೆಳಗಿನ ಇರುವೆ ಸಾಲನ್ನು ನೋಡುವಾಗ, ಔಷಧಿ ಅಂಗಡಿಯಲ್ಲಿ ನಿಂತ ಆ ತಾಯಿಯ ಪ್ರಶ್ನೆ ಇಲ್ಲಿಗೇ ಬಂದು ತಲಪುತ್ತದೆ ಎನಿಸಿತು.

ಪೇಟೆಗೆ ಇಳಿದೆವು. ಬಂದರಿನ ಹತ್ತಿರ ಮೂಲೆಯ ಕಟ್ಟಡವೊಂದರ ಗೋಡೆಯ ಮೇಲೆ ಬ್ಯಾಂಕ್ಸಿ ಎಂಬ ಪ್ರಸಿದ್ಧ ಚಿತ್ರಕಾರನು 2017ರಲ್ಲಿ ಒಂದು ಬೃಹತ್ ಚಿತ್ರ ಬರೆದಿದ್ದನು. ಏಣಿಯೇರಿದ ಕೆಲಸಗಾರನೊಬ್ಬ ಒಕ್ಕೂಟದ ಬಾವುಟದ ಒಂದು ನಕ್ಷತ್ರವನ್ನು ಉಳಿಯಿಂದ ಕೆತ್ತಿ ತೆಗೆಯುವ ಚಿತ್ರ. ಅದನ್ನು ನೋಡುವ ಆಸೆಯಿಂದ ಹೋದರೆ ಕಂಡದ್ದು ಬರಿಯ ಬಿಳಿಯ ಗೋಡೆ. 2019ರ ಆಗಸ್ಟಿನಲ್ಲಿ ಯಾರೋ ಅದರ ಮೇಲೆ ಬಿಳಿ ಬಣ್ಣ ಬಳಿದುಬಿಟ್ಟಿದ್ದರು.

ಕಡಲ ದಡದ ಚಹಾದಂಗಡಿಯಲ್ಲಿ ಕುಳಿತೆವು. ಪಕ್ಕದ ಮೇಜಿನ ವೃದ್ಧರೊಬ್ಬರು ನಮ್ಮ ಹಣೆಯ ವಿಭೂತಿಯನ್ನು ನೋಡಿ, ಅದೇನೆಂದು ವಿನಯದಿಂದ ವಿಚಾರಿಸಿದರು. ಮಾತಿಗೆ ಮಾತು ಬೆಳೆಯಿತು. ಅವರು ಹತ್ತೊಂಬತ್ತು ವರ್ಷ ಇದೇ ಬಂದರಿನಲ್ಲಿ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ದುಡಿದವರು. ಲಾರಿ ಚಾಲಕರು ತಂದ ಕಾಗದಗಳನ್ನು ತಿದ್ದಿ, ಸುಂಕ ಲೆಕ್ಕಹಾಕಿ, ಮುದ್ರೆಯೊತ್ತಿಸಿ ಕಳುಹಿಸುವುದು ಅವರ ಕೆಲಸ. ಹಗಲೂ ರಾತ್ರಿ ಬಂದರು ಎಚ್ಚರವಿರುತ್ತಿತ್ತು, ಊರಿನಲ್ಲಿ ನೂರಾರು ಕುಟುಂಬಗಳು ಇದರಿಂದಲೇ ಉಣ್ಣುತ್ತಿದ್ದವು. 1992ರ ಡಿಸೆಂಬರ್ 31ರ ರಾತ್ರಿ ಕಚೇರಿಗೆ ಬೀಗ ಹಾಕಿದರು. ಮರುದಿನದಿಂದ ಕಾಗದವೇ ಬೇಡವಾಯಿತು. "ದೇಶಕ್ಕೆಲ್ಲ ಹಬ್ಬ, ನಮ್ಮ ಮನೆಯಲ್ಲಿ ಮಾತ್ರ ಒಲೆ ಆರಿತು" ಎಂಬರ್ಥದ ಮಾತನ್ನಾಡಿದರು. ಮುಂದೆ ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಸಾಕಿದರಂತೆ. ಅಂದು ನಮ್ಮ ಆತಂಕವನ್ನು ಕೇಳಲು ಲಂಡನ್ನಿನಿಂದ ಯಾವ ಮೆರವಣಿಗೆ ಬಂದಿತ್ತು ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

2016ರಲ್ಲಿ ಅವರು ಬಿಡಬೇಕೆಂದು ಮತ ಹಾಕಿದ್ದರು. ಅವರ ಮಗಳು ಹಡಗು ಕಂಪನಿಯಲ್ಲಿ ಟಿಕೆಟ್ ಕೊಡುವವಳು, ಅಳಿಯ ಲಾರಿ ಚಾಲಕ. ಅವರಿಬ್ಬರೂ ಉಳಿಯಬೇಕೆಂದವರು. ಭಾನುವಾರ ಒಟ್ಟಿಗೆ ಊಟಕ್ಕೆ ಕುಳಿತರೆ ಹವಾಮಾನದ ವಿಷಯವನ್ನಷ್ಟೇ ಮಾತನಾಡುತ್ತಾರಂತೆ. ಸುಂಕದ ಕಟ್ಟೆ ಮರಳಿ ಬಂದರೆ ನಿಮ್ಮ ಕಾಯಕವೂ ಮರಳುವುದಲ್ಲವೇ ಎಂದು ಕೇಳಿದೆವು. ಅವರು ನಕ್ಕರು. ಈಗ ಎಲ್ಲವೂ ಕಂಪ್ಯೂಟರು, ನನ್ನ ರಬ್ಬರ್ ಮುದ್ರೆ ಮನೆಯ ಡ್ರಾಯರಿನಲ್ಲಿದೆ, ಮೊಮ್ಮಕ್ಕಳು ಆಡುತ್ತಾರೆ ಎಂದರು. ಶರಣರ ಸಮೂಹದಲ್ಲಿ ಸುಂಕದ ಬಂಕಣ್ಣನವರಿದ್ದರು, ಸುಂಕ ಎತ್ತುವುದನ್ನೇ ಕಾಯಕವಾಗಿ ನಡೆಸಿದರು ಎಂಬುದನ್ನು ಅವರಿಗೆ ವಿವರಿಸಲು ಯತ್ನಿಸಿದೆವು. ನಮ್ಮ ಇಂಗ್ಲಿಷು ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಸುಂಕದವನೂ ಸಂತನಾಗಬಹುದು ಎಂಬಷ್ಟು ಅವರಿಗೆ ತಿಳಿದಿರಬೇಕು. ಬಹಳ ಹೊತ್ತು ಅದಕ್ಕೇ ನಗುತ್ತಿದ್ದರು.

ನಾವು ಊರಿಗೆ ಮರಳಿದ ಮೇಲೆ ಅಕ್ಟೋಬರ್ 31 ಬಂತು, ಹೋಯಿತು. ಏನೂ ಆಗಲಿಲ್ಲ. ಆ ತಾರೀಖನ್ನು ಅಚ್ಚೊತ್ತಿ ಸಿದ್ಧಪಡಿಸಿದ್ದ 50 ಪೆನ್ಸಿನ ಸ್ಮಾರಕ ನಾಣ್ಯಗಳನ್ನು ಕರಗಿಸಿ ಬೇರೆ ಟಂಕಿಸಬೇಕಾಯಿತು. ಬ್ರಿಟನ್ 2020ರ ಜನವರಿ 31ರ ರಾತ್ರಿ 11 ಗಂಟೆಗೆ ಒಕ್ಕೂಟದಿಂದ ಹೊರಬಂತು. ವ್ಯಾಪಾರದ ಹಳೆಯ ವ್ಯವಸ್ಥೆ ಮಾತ್ರ ಆ ವರ್ಷದ ಕೊನೆಯವರೆಗೆ ಮುಂದುವರಿಯಿತು. ನಮ್ಮ ಸೊಸೆಯ ಟೊಮ್ಯಾಟೊ ಡಬ್ಬಿಗಳು ಖರ್ಚಾದದ್ದು 2020ರ ಮಾರ್ಚ್ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲಿ ಅಂಗಡಿಗಳು ಬರಿದಾದಾಗ. ಮುಂದೆ ಆ್ಯಷ್‌ಫರ್ಡ್ ಬಳಿಯ ಸೆವಿಂಗ್ಟನ್ನಿನ ಹೊಲಗಳಲ್ಲಿ ಹೊಸ ಸುಂಕದ ಕಟ್ಟೆ ಎದ್ದಿತು. ಒಕ್ಕೂಟದಿಂದ ಬರುವ ಆಹಾರ ಪದಾರ್ಥಗಳ ತಪಾಸಣೆಯನ್ನು ಬ್ರಿಟನ್ ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಆರಂಭಿಸಿತು. 2025ರ ಮೇ ತಿಂಗಳಿನಲ್ಲಿ ಅದನ್ನು ಸಡಿಲಿಸುವ ಮಾತುಕತೆಗೆ ಎರಡು ಕಡೆಯವರೂ ಒಪ್ಪಿದರು.

ಆದರೆ ಎಲ್ಲರೂ ಅಂಜಿದ್ದ ಆ ಲಾರಿಗಳ ಸಾಲು? ಅದು ಬಂದೇ ಬಂತು, ಬೇರೆ ಬಾಗಿಲಿನಿಂದ. ಬ್ರಿಟನ್ನಿನಲ್ಲಿ ಕೊರೋನಾದ ಹೊಸ ತಳಿ ಕಂಡಿತೆಂದು ಫ್ರಾನ್ಸ್ ದೇಶವು 2020ರ ಡಿಸೆಂಬರ್ 20ರ ರಾತ್ರಿ ಗಡಿಯನ್ನು ಮುಚ್ಚಿತು. ಕ್ರಿಸ್‌ಮಸ್ಸಿಗೆ ಮನೆ ಸೇರಲು ಹೊರಟಿದ್ದ ಸಾವಿರಾರು ಚಾಲಕರು ಎಂ 20 ಹೆದ್ದಾರಿಯಲ್ಲಿಯೂ ಅದೇ ಮ್ಯಾನ್‌ಸ್ಟನ್ ಬಯಲಿನಲ್ಲಿಯೂ ಸಿಕ್ಕಿಕೊಂಡರು. ಲಾರಿ ನಿಲ್ಲಿಸಲು ಸ್ಥಳವಿತ್ತು, ಅದಕ್ಕೆ ಎರಡು ವರ್ಷಗಳಿಂದ ಸಿದ್ಧತೆ ನಡೆದಿತ್ತು. ಉಣ್ಣಲು ಬಿಸಿ ಅನ್ನವಿರಲಿಲ್ಲ, ಶೌಚಕ್ಕೆ ಸಾಲದಾಗಿತ್ತು.

ಅಳಿಯ ಫೋನು ಮಾಡಿ ಈ ಸುದ್ದಿ ಹೇಳಿದ. ಡಿಸೆಂಬರ್ 22ರಂದು ಗ್ರೇವ್ಸೆಂಡ್ ಪಟ್ಟಣದ ಗುರುನಾನಕ್ ದರ್ಬಾರ್ ಗುರುದ್ವಾರದ ಸಿಖ್ ಬಂಧುಗಳು 'ಖಾಲ್ಸಾ ಏಡ್' ಸಂಸ್ಥೆಯವರೊಡಗೂಡಿ 800 ಮಂದಿಗೆ ಅಡುಗೆ ಮಾಡಿ, ಹೆದ್ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಒಯ್ದು ಬಡಿಸಿದ್ದರು. ದಾಸೋಹವನ್ನು ಬಲ್ಲ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. "ಏನು ಮಾಡಿದ್ದರಪ್ಪಾ?" ಎಂದು ನಮ್ಮ ಮನೆಯವರು ಫೋನಿನಲ್ಲಿ ಕೇಳಿದರು. "ಕಡಲಿಕಾಳಿನ ಪಲ್ಯಾ, ಅನ್ನ, ಅತ್ತಿ. ಪೋಲೆಂಡಿನವರು, ರುಮೇನಿಯಾದವರು, ಎಲ್ಲಾ ದೇಶದವರೂ ಅದಾರ ಅಲ್ಲಿ" ಎಂದ. ಖಾರ ಕಡಿಮೆ ಹಾಕಿದ್ದರೋ ಇಲ್ಲವೋ ಎಂದು ಅವರು ಮತ್ತೆ ಕೇಳಿದರು. ಅದು ಅಳಿಯನಿಗೆ ಗೊತ್ತಿರಲಿಲ್ಲ.